ಸನ್ನೆಯಿಲ್ಲದೆ ಹೊಡೆದ ಗಂಟೆ

ತೀರಿಹೋದವರು ಬಂದು ಕೈ ಹಿಡಿದು ನಡೆಸಿದರು ಎಂದು ಯಾರಾದರೂ ಹೇಳಿದರೆ, ನಾನು ಹೂಂಗುಟ್ಟುತ್ತಾ ಮನಸ್ಸಿನಲ್ಲಿ ಬೇರೇನೋ ಯೋಚಿಸುತ್ತಿದ್ದವಳು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ, ಇಲ್ಲಿ ವಿಲಾಯತಿಯಲ್ಲಿ, ಕಿಂಗ್ಸ್‌ಬರಿಯ ಚರ್ಚ್ ಹಾಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಮ್ಮವರು ಧಾರವಾಡದವರು, ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರು. ಬಿಡುವಿನಲ್ಲಿ ಒಂದು ಹವ್ಯಾಸಿ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ನಿಂತು ಡ್ರಮ್, ಗಂಟೆ ಬಾರಿಸುತ್ತಿದ್ದರು. ಪೋಲೆಂಡ್, ಎಸ್ಟೋನಿಯಾಗಳ ಈ ಕಾಲದ ಸಂಯೋಜಕರೆಂದರೆ ಅವರಿಗೆ ಪ್ರಾಣ. ಒಮ್ಮೆ ಆಸ್ಪತ್ರೆಯ ರೇಡಿಯೊದಲ್ಲಿ ಎಸ್ಟೋನಿಯಾದವರೊಬ್ಬರ ಕೃತಿ ಕೇಳಿ ಬಂದು, "ಥೇಟ್ ನಮ್ಮ ವಿಲಂಬಿತ್ ಕೇಳಿದಾಂಗ ಆತು ನೋಡು. ಅವಸರನ ಇಲ್ಲ ಆ ಮನುಷ್ಯಾಗ," ಎಂದಿದ್ದರು. ವಯಲಿನ್‌ಗಳು ನಿಧಾನವಾಗಿ ಸಾಗುತ್ತಿರುವಾಗ ನಡುವೆ ಐದೇ ಐದು ಸಲ ಗಂಟೆ. ಅದನ್ನು ನುಡಿಸೋಣವೆಂದು ಆರ್ಕೆಸ್ಟ್ರಾ ನಡೆಸುವ ಮಾರ್ಗರೆಟ್ ಅವರ ಬೆನ್ನು ಹತ್ತಿದ್ದರು. ಅವರು ಒಪ್ಪಿ, ಬಾಡಿಗೆಗೆ ತರಿಸಿದ ಸ್ವರಪುಟಗಳು ಬರುವ ಹೊತ್ತಿಗೆ ನಮ್ಮವರೇ ಇರಲಿಲ್ಲ.

ಅವರ ನೆನಪಿಗೆಂದೇ ಕಾರ್ಯಕ್ರಮ ಇಟ್ಟರು. ಅಂದು ಬೆಳಿಗ್ಗೆ ಗಂಟೆ ಬಾರಿಸಬೇಕಾದವರಿಗೆ ಜ್ವರ. ಗಂಟೆಯಿಲ್ಲದೆ ಆ ಕೃತಿ ಆಗದು, ಅದರ ಜೊತೆಗೆ ಇಟ್ಟುಕೊಂಡಿದ್ದ ಪೋಲೆಂಡಿನ ಕೃತಿಯೊಂದನ್ನೇ ನುಡಿಸಿ ಮುಗಿಸೋಣ ಎಂದರು. ಅಷ್ಟು ಆಸೆಪಟ್ಟದ್ದು ಅವರ ಹೆಸರಿನ ದಿನವೇ ತಪ್ಪಿಹೋಗುತ್ತದಲ್ಲ ಎನಿಸಿ, ನಾನು ಹೊಡೆಯುತ್ತೇನೆ ಎಂದುಬಿಟ್ಟೆ. ಸ್ವರಲಿಪಿಯ ಒಂದಕ್ಷರವೂ ನನಗೆ ಬಾರದು. ತಾನು ಎಡಗೈ ಎತ್ತಿದಾಗ ಹೊಡೆದರೆ ಸಾಕೆಂದು ಮಾರ್ಗರೆಟ್ ಒಮ್ಮೆ ಅಭ್ಯಾಸ ಮಾಡಿಸಿದರು.

ಹೌನ್ಸ್ಲೋದಿಂದ ಬಂದಿದ್ದ ಮೈದುನ ಸುಧೀರ ಸುಮ್ಮನಿರಲಿಲ್ಲ. "ವೈನಿ, ಕುಕ್ಕರ್ ಸೀಟಿ ಎಣಸೂದ್ರಾಗ ದಿನಾ ತಪ್ಪತೀರಿ. ಅನ್ನ ಮುದ್ದಿ ಆದ್ರ ನಾವು ಉಣ್ತೇವಿ, ಇವ್ರೇನ್ ಮಾಡಬೇಕು?"

"ನೀ ಸುಮ್ಮನ ಕೂತು ಚಪ್ಪಾಳಿ ಹೊಡಿ, ಸಾಕು," ಎಂದೆ.

ಮೊದಲ ಮೂರು ಸಲ ಸನ್ನೆ ಬಂತು, ಹೊಡೆದೆ. ನಾಲ್ಕನೆಯದಕ್ಕೆ ಬಹಳ ಹೊತ್ತು ಕಾಯಬೇಕಿತ್ತು. ಮಾರ್ಗರೆಟ್ ಹಾಳೆ ತಿರುವಿದರು. ಎರಡು ಹಾಳೆ ಒಟ್ಟಿಗೆ ಹೋದವೆಂದು ಆಮೇಲೆ ಗೊತ್ತಾಯಿತು. ಅವರ ಬಲಗೈ ಆಡುತ್ತಲೇ ಇತ್ತು, ಕಣ್ಣು ಮಾತ್ರ ಹಾಳೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಆಗ ನೋಡಿಕೊಂಡೆ: ನನ್ನ ಎಡಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಚಿಕ್ಕಂದಿನಲ್ಲಿ ತಬಲಾ ಕಲಿತಿದ್ದ ನಮ್ಮವರು ತಾಳದ ಮಾತ್ರೆ ಎಣಿಸುತ್ತಿದ್ದದ್ದು ಹಾಗೆ. ನಾನು ಜನ್ಮದಲ್ಲಿ ಎಣಿಸಿದವಳಲ್ಲ. ಭಯವೇನೂ ಆಗಲಿಲ್ಲ, ಮನೆಯಲ್ಲಿ ಅವರ ಪಕ್ಕ ಕುಳಿತಷ್ಟೇ ಹಗುರವಾಗಿತ್ತು. ಹೆಬ್ಬೆರಳು ಒಂದು ಕಡೆ ನಿಂತಿತು. ಬಲಗೈ ಎದ್ದು ಗಂಟೆ ಹೊಡೆಯಿತು. ಮಾರ್ಗರೆಟ್ ತಲೆಯೆತ್ತಿ ನನ್ನನ್ನು ನೋಡಿ ನಕ್ಕರು.

ಮುಗಿದ ಮೇಲೆ ಬಂದು ತಬ್ಬಿಕೊಂಡರು. "ನಾನು ದಾರಿ ತಪ್ಪಿದ್ದೆ. ನಿಮ್ಮ ಗಂಟೆ ಕೇಳಿದ ಮೇಲೆಯೇ ಎಲ್ಲಿದ್ದೇವೆಂದು ತಿಳಿಯಿತು. ಹೇಗೆ ಎಣಿಸಿದಿರಿ?" ಸುಧೀರ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದ. ನಮ್ಮವರು ತೀರಿಹೋದ ಮೇಲೆ ನಾನು ಮೊದಲ ಸಲ ಬಾಯಿತುಂಬ ನಕ್ಕದ್ದೂ ಅಂದೇ.

ಅಭ್ಯಾಸದಲ್ಲಿ ಕೇಳಿದ್ದು ಕಿವಿಯಲ್ಲಿ ಉಳಿದಿತ್ತು ಎಂದು ಸುಧೀರ ಹೇಳುತ್ತಾನೆ. ಇರಬಹುದು. ಆ ಹೆಬ್ಬೆರಳಿನ ಮಾತೆತ್ತಿದರೆ ಮಾತ್ರ ಕುಕ್ಕರ್ ಸೀಟಿಯ ಮಾತಿಗೆ ಹೊರಳುತ್ತಾನೆ. ಅಂದಿನ ಧೈರ್ಯದಲ್ಲಿ ಮುಂದಿನ ಕಾರ್ಯಕ್ರಮಕ್ಕೂ ಹೋಗಿ ನಿಂತೆ. ವಾರಗಟ್ಟಲೆ ಅಭ್ಯಾಸ ಮಾಡಿದ್ದೆ, ಮಾರ್ಗರೆಟ್ ನನ್ನ ಮೇಲಿನ ಕಣ್ಣು ತೆಗೆಯದೆ ಸನ್ನೆ ಕೊಟ್ಟರು. ಆದರೂ ಎರಡು ಸಲ ತಪ್ಪಿ ಹೊಡೆದೆ. ವಯಲಿನ್‌ನವರು ನಗು ತಡೆಯಲಾರದೆ ಭುಜ ಕುಲುಕಿಸುತ್ತಿದ್ದದ್ದು ಹಿಂದಿನ ಸಾಲಿನಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು.