ಕದಿರಮ್ಮನ ಕುಂಕುಮದ ಬಟ್ಟಲು

ನಮ್ಮೂರು ಮೇಲೂರಿನಿಂದ ಎರಡು ಮೈಲಿ ಒಳಗಿದೆ. ಇರುವುದು ನೂರಿಪ್ಪತ್ತು ಮನೆ. ಯಾವ ಮನೆ ಬಾಗಿಲಲ್ಲಿ ನಿಂತು ಏನು ಹೇಳಿದರೆ ಒಳಗಿನ ಹೆಂಗಸು ಸೆರಗು ಸರಿಮಾಡಿಕೊಂಡು ಹೊರಗೆ ಬರುತ್ತಾಳೆ ಎನ್ನುವುದು ಊರಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತು. ಅವಳೇ ನಮ್ಮ ಎದುರುಮನೆ ಕದಿರಮ್ಮ.

ಅವಳು ಸೊಸೆಯಾಗಿ ಬಂದ ಮೂರನೇ ವರ್ಷ ಅವಳ ಅತ್ತೆ ಒಂದು ಹಿತ್ತಾಳೆ ಬಟ್ಟಲನ್ನು ಕೈಗಿಟ್ಟರು. ಎರಡು ಗುಂಡಿಯ ಬಟ್ಟಲು. ಒಂದರಲ್ಲಿ ಅರಿಶಿನ, ಇನ್ನೊಂದರಲ್ಲಿ ಕುಂಕುಮ. "ಇನ್ಮೇಲೆ ಊರು ಕರಿಯೋದು ನಿಂದು ಕಣಮ್ಮ" ಅಂದರು. ನಮ್ಮಲ್ಲಿ ಊರದೇವತೆ ಸಪ್ಪಲಮ್ಮನಿಗೆ ವರ್ಷಕ್ಕೊಮ್ಮೆ ದೀಪ ಹೊರುತ್ತೇವೆ. ಅಕ್ಕಿಹಿಟ್ಟಿಗೆ ಬೆಲ್ಲ ಸೇರಿಸಿ ತಂಬಿಟ್ಟು ಕಲಸಿ, ಅದನ್ನು ಗೋಪುರದ ಹಾಗೆ ತಟ್ಟಿ, ನೆತ್ತಿಯಲ್ಲಿ ಗುಳಿ ಮಾಡಿ ತುಪ್ಪದ ಬತ್ತಿ ಹಚ್ಚಿ, ಸುತ್ತ ಹೂವು ಕಟ್ಟಿ, ತಲೆಯ ಮೇಲೆ ಹೊತ್ತು ಗುಡಿಗೆ ನಡೆಯುವುದು. ಮನೆಗೊಂದು ದೀಪ, ಹೊರುವವರು ಹೆಂಗಸರು. ಅವರನ್ನು ಬಾಗಿಲಿಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು ಕರೆಯುವ ಕೆಲಸ ಕದಿರಮ್ಮನ ಮನೆಯದು. ಮೂವತ್ತೆಂಟು ವರ್ಷ ಅವಳೇ ಕರೆದಳು.

ಕರೆಯುವುದು ಅಂದರೆ ಬಾಗಿಲು ತಟ್ಟಿ ಬರುವುದಲ್ಲ. ಊರ ನಡುವೆ ಒಂದು ಮನೆಯಲ್ಲಿ ಓರಗಿತ್ತಿಯರಿಬ್ಬರು ಜಗಳವಾಡಿ ನಡುವೆ ಗೋಡೆ ಎಬ್ಬಿಸಿಕೊಂಡಿದ್ದರು. ಬೀದಿಬಾಗಿಲು ಮಾತ್ರ ಒಂದೇ, ಅದು ದೊಡ್ಡವಳ ಪಾಲಿಗೆ. ಕದಿರಮ್ಮ ಮುಂದಿನ ಬಾಗಿಲಲ್ಲಿ ನಿಂತು ದೊಡ್ಡವಳನ್ನು ಕರೆದು, ಮನೆ ಸುತ್ತಿಕೊಂಡು ಹೋಗಿ ಹಿತ್ತಿಲ ಕಡೆಯಿಂದ ಚಿಕ್ಕವಳನ್ನು ಕರೆದು ಬರುತ್ತಿದ್ದಳು. ಕೆರೆ ಕಡೆಯ ತೆಲುಗಿನವರ ಮನೆಯಲ್ಲಿ, ದೀಪಕ್ಕೆ ಬರಬೇಕು, ಮರೆಯಬಾರದು ಎನ್ನುವುದನ್ನು ಅವರ ಮಾತಿನಲ್ಲೇ, "ದೀಪಾಲಕು ರಾವಾಲಮ್ಮಾ, ಮರ್ಚಿಪೋವದ್ದು" ಅನ್ನುವಳು. ರೇಷ್ಮೆ ನೂಲು ಬಿಚ್ಚುವ ಸಾಬರ ಮನೆಯಲ್ಲಿ ಕುಂಕುಮದ ಬದಲು ಒಂದು ಮೊಳ ಕನಕಾಂಬರ ಕೊಟ್ಟು, "ದೀಪ ನಿಮ್ಮ ಬಾಗಿಲ ಮುಂದೇನೇ ಹೋಗೋದು. ಮಕ್ಕಳನ್ನ ಕರ್ಕೊಂಡು ನಿಂತ್ಕೊಳ್ಳಿ" ಅನ್ನುವಳು. ಯಾರ ಮನೆಯ ರೇಷ್ಮೆಹುಳು ಪೊರೆ ಬಿಡುವ ಎಷ್ಟನೇ ಜ್ವರದಲ್ಲಿದೆ, ಯಾರು ಎಷ್ಟು ಹೊತ್ತಿಗೆ ಅದಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಾರೆ ಎನ್ನುವುದೂ ಅವಳ ಬಾಯಲ್ಲೇ ಇರುತ್ತಿತ್ತು. ಸೊಪ್ಪು ಹಾಕುವ ಹೊತ್ತಿಗೆ ಹೋಗಿ ಕರೆದರೆ ಯಾರು ಬಂದಾರು?

ಈ ಗುಣ ಕಂಡೇ ಪಂಚಾಯ್ತಿಯವರೂ ಅವಳನ್ನು ಹಿಡಿದುಕೊಂಡರು. ಒಂದು ವರ್ಷ ಗ್ರಾಮಸಭೆಗೆ ಹೆಂಗಸರೇ ಬರಲಿಲ್ಲ. "ನೀನೊಂದು ಮಾತು ಹೇಳು ಕದಿರಮ್ಮ" ಅಂದರು. ಇವಳು ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಬಟ್ಟಲು ಹಿಡಿದೇ ಹೊರಟಳು. ಎಪ್ಪತ್ತು ಜನ ಹೆಂಗಸರು ರೇಷ್ಮೆ ಸೀರೆ ಉಟ್ಟು ಗ್ರಾಮಸಭೆಗೆ ಬಂದು ಕೂತರು. ಕೊಳಾಯಿ, ಚರಂಡಿ ಎಲ್ಲ ಮಾತಾಡಿ ಮುಗಿದ ಮೇಲೂ ಒಬ್ಬರೂ ಏಳಲಿಲ್ಲ. ಯಾಕೆ ಅಂತ ಕೇಳಿದರೆ, "ಕುಂಕುಮ ಕೊಟ್ಟು ಕರೆದಿದ್ದೀರಲ್ಲ ಸ್ವಾಮಿ, ಕೋಸಂಬರಿ ಎಲ್ಲಿ?" ಅಂದರು. ಅಂದಿನಿಂದ ನಮ್ಮ ಗ್ರಾಮಸಭೆಯಲ್ಲಿ ಕೋಸಂಬರಿ ತಪ್ಪಿಲ್ಲ, ಹೆಂಗಸರೂ ತಪ್ಪಿಲ್ಲ.

ಕಳೆದ ಕಾರ್ತಿಕದಲ್ಲಿ ಅವಳ ಗಂಡ ಚೆನ್ನರಾಯಪ್ಪ ತೀರಿಕೊಂಡರು. ಒಳ್ಳೆಯ ಮನುಷ್ಯ. ಇವಳು ಊರು ಕರೆದು ಸುಸ್ತಾಗಿ ಬಂದಾಗ ಜಗಲಿ ಮೇಲೆ ಟೀ ಇಟ್ಟುಕೊಂಡು ಕಾಯುತ್ತಿದ್ದರು. "ಬಂದ್ಯಾ? ಊರನ್ನೆಲ್ಲ ಕರೆದೆ, ನನ್ನ ಕರೀಲಿಲ್ಲ" ಅಂತ ವರ್ಷಾ ವರ್ಷಾ ಅದೇ ತಮಾಷೆ. ಅವರು ಹೋದ ಮೇಲೆ ಕದಿರಮ್ಮ ಅತ್ತಳು, ಆಮೇಲೆ ನಿಧಾನವಾಗಿ ಎದ್ದು ಓಡಾಡಿದಳು. ಆದರೆ ದೀಪದ ದಿನ ಹತ್ತಿರ ಬಂದ ಹಾಗೆಲ್ಲ ಅವಳ ಮಾತು ಕಡಿಮೆಯಾಯಿತು. ಗಂಡ ಇಲ್ಲದವಳು ಕುಂಕುಮದ ಬಟ್ಟಲು ಹಿಡಿಯಬಹುದೇ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಅವಳ ಕಿವಿಗೆ ಮಾತ್ರ ಅದು ಕೇಳಿಸುತ್ತಿತ್ತು.

ದೀಪಕ್ಕೆ ಎರಡು ದಿನ ಇರುವಾಗ ರಮೇಶ್‌ಬಾಬು ಬಂದ. ಹಾಲಿನ ಡೈರಿಯ ಸೆಕ್ರೆಟರಿ, ಈ ವರ್ಷದ ದೀಪದ ಕಮಿಟಿಗೂ ಅವನೇ ಅಧ್ಯಕ್ಷ. ಕೆಟ್ಟವನಲ್ಲ. ಜಗಲಿಯ ತುದಿಯಲ್ಲಿ ಕೂತು, ಚಪ್ಪಲಿಯ ಕಡೆ ನೋಡಿಕೊಂಡು ಮಾತಾಡಿದ.

"ಅತ್ತೆ, ಈ ಸಲ ನೀವು ರೆಸ್ಟ್ ತಗೊಳ್ಳಿ. ಬಿಸಿಲು ಬೇರೆ ಜಾಸ್ತಿ. ಆಟೋಗೆ ಮೈಕ್ ಕಟ್ಟಿಸಿದ್ದೀನಿ. ವಾಟ್ಸಾಪ್ ಗ್ರೂಪಲ್ಲೂ ಹಾಕ್ತೀವಿ."

"ಬಿಸಿಲು ಹೋದ ವರ್ಷವೂ ಇತ್ತಲ್ಲಪ್ಪ."

"ಹೂಂ, ಇತ್ತು..." ಅಂದ.

"ಆಗ್ಲಿ ಬಿಡಪ್ಪ" ಅಂದಳು ಕದಿರಮ್ಮ. ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಅವನು ಬೀದಿ ತಿರುಗಿದ ಮೇಲೆ, ಎದುರು ಜಗಲಿಯಲ್ಲಿ ಕೂತಿದ್ದ ನನ್ನ ಕಡೆ ನೋಡಿ, "ಅಕ್ಕಾ, ಮೈಕಿಗೆ ಬಿಸಿಲು ತಾಗಲ್ವಂತೆ" ಅಂತ ನಕ್ಕಳು. ನಗುತ್ತಲೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ದೀಪದ ದಿನ ಬೆಳಿಗ್ಗೆ ನಾನು ಕಂಡದ್ದು ಹೇಳುತ್ತೇನೆ. ಅವಳು ಆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಳು. ಬಿಸಿಲಿಗೆ ಒಣಗಿಸಿದಳು. ಅರಿಶಿನ ಕುಂಕುಮ ತುಂಬಿದಳು. ಮೂವತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಮಾಡಿತು. ಆಮೇಲೆ ಹೊಸಿಲಲ್ಲಿ ಒಂದು ಗಳಿಗೆ ನಿಂತು, ಬಟ್ಟಲ ಮೇಲೊಂದು ಎಲೆ ಮುಚ್ಚಿ, ಗೋಡೆಯ ಗೂಡಿನಲ್ಲಿಟ್ಟು ಬಂದು ಕಂಬಕ್ಕೊರಗಿ ಕೂತಳು.

ಆಟೋ ಮೂರು ಸುತ್ತು ಬಂತು. ಮೈಕು ಸೊಗಸಾಗಿಯೇ ಕೂಗಿತು. ನಮ್ಮ ಸೊಸೆ ತನುಜ ಫೋನು ನೋಡಿ, "ಅತ್ತೆ, ಗ್ರೂಪಲ್ಲಿ ಎಲ್ಲರೂ ಕೈ ಮುಗಿಯೋ ಬೊಂಬೆ ಹಾಕಿದ್ದಾರೆ. ನಾನೂ ಹಾಕ್ದೆ" ಅಂದಳು. ನಾಲ್ಕು ಗಂಟೆಗೆ ತಮಟೆ ಶುರುವಾಯಿತು. ನಾಲ್ಕೂವರೆಗೂ ತಮಟೆಯೇ. ಶಾಮಿಯಾನದ ಕೆಳಗೆ ಕಮಿಟಿಯ ಆರು ಜನ ಗಂಡಸರು, ತಮಟೆಯವರು ನಾಲ್ಕು ಜನ, ಎರಡು ನಾಯಿ. ದೀಪ ಒಂದೂ ಇಲ್ಲ. ಗ್ರೂಪಿನಲ್ಲಿ ಊರೇ ಕೈ ಮುಗಿದಿತ್ತು, ಬೀದಿಗೆ ಒಬ್ಬಳೂ ಇಳಿದಿರಲಿಲ್ಲ.

ಹಾಗಂತ ಯಾರೂ ಮುನಿಸಿಕೊಂಡಿರಲಿಲ್ಲ. ಎಲ್ಲರ ಮನೆಯಲ್ಲೂ ತಂಬಿಟ್ಟು ತಟ್ಟಿ, ಹೂ ಸುತ್ತಿ, ಸೀರೆ ಉಟ್ಟು ತಯಾರಾಗಿ ಹೊಸಿಲ ಒಳಗೆ ನಿಂತಿದ್ದರು. ತನುಜ ದೀಪದ ತಟ್ಟೆ ಹಿಡಿದು, "ಹೋಗಣ್ವಾ ಅತ್ತೆ?" ಅಂದಳು.

"ಕರೀಲಿ ತಡಿಯಮ್ಮ" ಅಂದೆ.

"ಆಟೋ ಕರೀತಲ್ಲ?"

"ಆಟೋ ಎಲ್ಲರನ್ನೂ ಕರೀತು. ನಿನ್ನ ಕರೀತಾ?"

ಅವಳು ತಟ್ಟೆ ಕೆಳಗಿಟ್ಟಳು. ಎದುರಿನಲ್ಲಿ ಕದಿರಮ್ಮ ಕಂಬಕ್ಕೊರಗಿ ಬೀದಿಯ ಆ ತುದಿ ಈ ತುದಿ ನೋಡುತ್ತಿದ್ದಳು. ಅವಳಿಗೂ ಆತಂಕ. "ಯಾಕಕ್ಕಾ, ಯಾರೂ ಹೊರಡ್ತಿಲ್ಲ?" ಅಂತ ನನ್ನನ್ನೇ ಕೇಳಿದಳು.

ಮೊದಲ ದೀಪ ಓಬಳಮ್ಮನ ಮನೆಯದು. ಆ ಮುದುಕಿಗೆ ಎಂಬತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದು. ಅವಳ ಮನೆ ನಮ್ಮ ಸಾಲಿನಲ್ಲೇ ಮೂರನೆಯದು, ಅಲ್ಲಿ ಆಡಿದ ಮಾತೆಲ್ಲ ನಮಗೆ ಕೇಳುತ್ತದೆ. ರಮೇಶ್‌ಬಾಬು ಬೆವರು ಒರೆಸಿಕೊಳ್ಳುತ್ತ ಅಲ್ಲಿಗೆ ಬಂದ.

"ಅಜ್ಜಿ, ಟೈಮಾಯ್ತು. ನಿಮ್ಮ ದೀಪ ಎದ್ರೆ ತಾನೆ ಮಿಕ್ಕಿದ್ದು ಏಳೋದು?"

"ನನ್ನ ಯಾರೂ ಕರೀಲಿಲ್ಲವಲ್ಲೋ."

"ಮೈಕಲ್ಲಿ ಕೂಗಿದ್ವಲ್ಲ ಅಜ್ಜಿ!"

"ನನಗೆ ಕಿವಿ ಕೇಳಲ್ಲ."

"ಈಗ ನಾನು ಹೇಳ್ತಿರೋದು ಕೇಳ್ತಾ ಇದೆಯಲ್ಲ?"

"ಬೇಕಾದ್ದು ಕೇಳ್ತದೆ. ಕದಿರಿ ಎಲ್ಲಿ?"

ರಮೇಶ್‌ಬಾಬು ದನಿ ತಗ್ಗಿಸಿದ, ಆದರೂ ನಮಗೆ ಕೇಳಿಸಿತು. "ಅಜ್ಜಿ, ಅದೇನಂದ್ರೆ... ಚೆನ್ನರಾಯಪ್ಪ ಮಾವ ಹೋದ್ರಲ್ಲ. ಕುಂಕುಮದ ವಿಷಯ. ನಾಲ್ಕು ಜನ ಏನಂತಾರೋ ಅಂತ."

"ಯಾವ ನಾಲ್ಕು ಜನ? ಹೆಸರು ಹೇಳು."

ಅವನು ಹಿಂದೆ ನಿಂತ ಕಮಿಟಿಯವರ ಕಡೆ ತಿರುಗಿದ. ಒಬ್ಬ ಆಕಾಶ ನೋಡಿದ, ಒಬ್ಬ ಫೋನು ನೋಡಿದ.

"ನನ್ನ ಗಂಡ ಸತ್ತು ಮೂವತ್ತು ವರ್ಷ ಆಯ್ತು" ಅಂದಳು ಓಬಳಮ್ಮ. "ಅಷ್ಟು ವರ್ಷವೂ ಮೊದಲನೇ ದೀಪ ನನ್ನ ತಲೆ ಮೇಲೇ ಹೋಗಿದ್ದು. ಆವತ್ತಿಂದಾನೂ ಕದಿರಿ ನನಗೆ ಕುಂಕುಮ ಕೊಟ್ಟೇ ಕರೆದಿದ್ದು. ಅದು ಬಿಡು. ಸಪ್ಪಲಮ್ಮನ ಗಂಡ ಯಾರೋ? ನೀನು ನೋಡಿದ್ದೀಯ?"

"ಇಲ್ಲ ಅಜ್ಜಿ."

"ನಾನೂ ನೋಡಿಲ್ಲ. ಆಯಮ್ಮನ ಹಣೇಲಿ ಮಾತ್ರ ಇಷ್ಟು ದಪ್ಪ ಕುಂಕುಮ ಇದೆ. ಹೋಗು, ಮೊದಲು ಅದನ್ನ ಅಳಿಸಿ ಬಾ. ಆಮೇಲೆ ಕದಿರಿ ವಿಷಯ ಮಾತಾಡಣ."

ಪಕ್ಕದ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದರ ಪಕ್ಕದ ಬಾಗಿಲೂ ನಕ್ಕಿತು. ರಮೇಶ್‌ಬಾಬು ಕೂಡ ತಲೆ ಕೆರೆದುಕೊಂಡು ನಕ್ಕುಬಿಟ್ಟ. "ತಪ್ಪಾಯ್ತು ಕಣಜ್ಜಿ. ಈಗಲೇ ಹೋಗಿ ಹೇಳ್ತೀನಿ ಅತ್ತೆಗೆ."

"ಹೇಳೋದಲ್ಲ, ಕರೀಬೇಕು. ಊರೆಲ್ಲ ಕರೆದೋಳ ಬಾಗಿಲಿಗೆ ಯಾವನಾದ್ರೂ ಒಂದು ದಿನ ಹೋಗಿ ಬಾರಮ್ಮ ಅಂದಿದ್ದೀರೇನೋ? ನಿನ್ನ ಹೆಂಡ್ತಿನ ಕಳ್ಸು."

ಆ ಮಾತು ಕೇಳಿ ನನಗೇ ನಾಚಿಕೆಯಾಯಿತು. ಮೂವತ್ತೆಂಟು ವರ್ಷ ಎದುರಿನಲ್ಲೇ ಇದ್ದೇನೆ. ಅವಳು ನಮ್ಮನ್ನು ಕರೆದು, ಕೊನೆಗೆ ತನ್ನ ಮನೆ ಹೊಸಿಲಿಗೆ ಬಂದು ನಿಲ್ಲುವಳು. ಆ ಹೊಸಿಲಲ್ಲಿ ನಿಂತು ಅವಳನ್ನು ಕರೆದವರು ಯಾರೂ ಇಲ್ಲ.

ರಮೇಶ್‌ಬಾಬುವಿನ ಹೆಂಡತಿ ಭಾನುಪ್ರಿಯಾ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಕುಂಕುಮ ಹಾಕಿಕೊಂಡು ಓಡಿಬಂದಳು. "ನಾನು ಯಾವತ್ತೂ ಕರೆದಿಲ್ಲ ಅಜ್ಜಿ. ಏನನ್ಬೇಕು?"

"ಅವಳು ನಿನ್ನ ಏನಂತ ಕರೀತಿದ್ಲೋ ಹಂಗೇ ಅನ್ನು" ಅಂತ ಓಬಳಮ್ಮ ಕೋಲೂರಿಕೊಂಡು ಅವಳ ಹಿಂದೆಯೇ ಬಂದಳು.

ಕದಿರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಇವರು ಬರುವುದನ್ನು ಕಂಡು ಎದ್ದು ನಿಂತಳು. ಭಾನುಪ್ರಿಯಾ ಹೊಸಿಲ ಮುಂದೆ ನಿಂತು, ಪಾಠ ಒಪ್ಪಿಸುವ ಹಾಗೆ, "ಹುಳಕ್ಕೆ ಸೊಪ್ಪು ಹಾಕಿ, ಕೈ ತೊಳ್ಕೊಂಡು, ಬೇಗ ದೀಪಕ್ಕೆ ಬನ್ನಿ ಅತ್ತೆ. ಅಮ್ಮ ಕಾಯ್ತಾ ಇರ್ತಾಳೆ" ಅಂದಳು.

"ನಮ್ಮನೇಲಿ ಹುಳ ಎಲ್ಲಿದೆಯಮ್ಮ?" ಅಂದಳು ಕದಿರಮ್ಮ. ಅಷ್ಟೇ ಅಂದಿದ್ದು, ನಗುತ್ತ ನಗುತ್ತ ಕಣ್ಣಲ್ಲಿ ನೀರು ತುಂಬಿಕೊಂಡಳು.

ಮುಚ್ಚಳ ಮುಂದೆ ಬಂದಾಗ ಅವಳ ಕೈ ತಡೆಯಿತು. ಓಬಳಮ್ಮ, "ಇಟ್ಕೊಳ್ಳೇ, ನಂದೇನು ಹಣೆ ಸುಟ್ಟುಹೋಯ್ತಾ?" ಅಂದಳು. ಕದಿರಮ್ಮ ಉಂಗುರದ ಬೆರಳಲ್ಲಿ ಒಂದು ಚಿಟಿಕೆ ತೆಗೆದು ಇಟ್ಟುಕೊಂಡಳು. ಒಳಗೆ ಹೋದಳು. ಗೂಡಿನಿಂದ ಬಟ್ಟಲು ತೆಗೆದು, ಎಲೆ ಸರಿಸಿ, ಹೊರಗೆ ಬಂದಳು.

"ಅತ್ತೆ, ಲೇಟಾಗಿದೆ" ಅಂದ ರಮೇಶ್‌ಬಾಬು. "ಎಲ್ಲರಿಗೂ ಇಲ್ಲೇ ಕೊಟ್ಟುಬಿಡಿ, ಹೊರಟುಬಿಡಣ."

ಗಲಾಟೆ ಕೇಳಿ ಅಷ್ಟು ಹೊತ್ತಿಗೆ ಬೀದಿಯ ತುಂಬ ಹೆಂಗಸರು ಸೇರಿದ್ದರು. ಕದಿರಮ್ಮ ಅವರನ್ನೆಲ್ಲ ಒಮ್ಮೆ ನೋಡಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಬೀದೀಲಿ ನಿಂತೋರನ್ನ ನಾನು ಕರಿಯಲ್ಲಪ್ಪ. ಅವರವರ ಬಾಗಿಲಿಗೇ ಬರ್ತೀನಿ."

ಆಗ ನೋಡಬೇಕಿತ್ತು ನಮ್ಮೂರನ್ನು! ಬೀದಿಯಲ್ಲಿದ್ದ ಹೆಂಗಸರೆಲ್ಲ ಸೀರೆ ನೆರಿಗೆ ಎತ್ತಿಕೊಂಡು, ಕರೆಸಿಕೊಳ್ಳುವುದಕ್ಕೆ ತಮ್ಮ ತಮ್ಮ ಮನೆಗೆ ಓಡಿದರು. ಓರಗಿತ್ತಿಯರಲ್ಲಿ ಚಿಕ್ಕವಳು ಅವಸರದಲ್ಲಿ ಮುಂದಿನ ಬಾಗಿಲಿಗೇ ನುಗ್ಗಿ, ದೊಡ್ಡವಳ ಪಕ್ಕ ನಿಂತುಬಿಟ್ಟಳು. ಕದಿರಮ್ಮ ಇಬ್ಬರನ್ನೂ ಒಟ್ಟಿಗೆ ಕರೆದು, "ಒಂದು ಸುತ್ತು ಉಳೀತು ನನಗೆ" ಅಂದಳು. ತಮಟೆಯವರು ಶಾಮಿಯಾನದಲ್ಲಿ ಕೂತು ಎರಡನೇ ಟೀ ಕುಡಿದರು. ಓಬಳಮ್ಮ ತನ್ನ ಬಾಗಿಲಲ್ಲಿ ಕರೆಸಿಕೊಂಡು, "ಈಗ ಕಿವಿ ಕೇಳ್ತು" ಅಂದಳು.

ಅವಳು ನೂರಿಪ್ಪತ್ತು ಬಾಗಿಲು ಮುಗಿಸುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಸಾಲುದೀಪ ಎದ್ದಿದ್ದು ಆಮೇಲೆ. ಮಬ್ಬುಗತ್ತಲಲ್ಲಿ ಅಷ್ಟು ದೀಪ ಒಟ್ಟಿಗೆ ನಡೆದದ್ದು ನಾನು ಕಂಡದ್ದು ಅದೇ ಮೊದಲು. ಪ್ರತಿ ವರ್ಷ ಬಿಸಿಲಲ್ಲಿ ಹೊರಟು ಬತ್ತಿಯ ಬೆಳಕೇ ಕಾಣುತ್ತಿರಲಿಲ್ಲ. ರಮೇಶ್‌ಬಾಬು ಫೋಟೋ ತೆಗೆದು ತೆಗೆದು, "ಮುಂದಿನ ವರ್ಷಾನೂ ಇದೇ ಟೈಮಿಗೆ ಇಟ್ಕೊಳ್ಳಣ" ಅಂತ ತಾನೇ ಯೋಚಿಸಿದವನ ಹಾಗೆ ಹೇಳಿದ.

ದೀಪದ ಸಾಲು ಬೀದಿ ದಾಟಿದ ಮೇಲೆ ಕದಿರಮ್ಮ ನಮ್ಮ ಜಗಲಿಗೆ ಬಂದು ಕೂತಳು. ತನುಜ ಮೊದಲೇ ಟೀ ಮಾಡಿ ಮುಚ್ಚಿಟ್ಟು ಹೋಗಿದ್ದಳು. ಒಂದು ಗುಟುಕು ಕುಡಿದು, ಬಟ್ಟಲನ್ನು ಬೋರಲು ಹಾಕಿ ತೋರಿಸಿದಳು. ಒಂದು ಚಿಟಿಕೆಯೂ ಉಳಿದಿರಲಿಲ್ಲ.

"ನೋಡಕ್ಕಾ, ಸಾಲಲಿಲ್ಲ. ಈ ಸಲ ಎಲ್ಲರೂ ಒಂದು ಚಿಟಿಕೆ ಜಾಸ್ತೀನೇ ತಗೊಂಡ್ರು. ಕೊನೇ ಮೂರು ಮನೆಗೆ ಭಾನುಪ್ರಿಯಾ ಮುಚ್ಚಳದ್ದೇ ಕೊಟ್ಟೆ" ಅಂದಳು. "ಮುಂದಿನ ವರ್ಷಕ್ಕೆ ಇನ್ನೊಂದು ಬಟ್ಟಲು ತಂದ್ಕೋಬೇಕು."