ಪಿಕ್ನಿಕ್‌ನಲ್ಲಿ ಸಿಕ್ಕ ಸಿಪಾಯಿ

ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಧಾರವಾಡದವರು. ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ ದೇಶದಲ್ಲಿ ಬಹಳ ಕಾಲ ಕಾನೂನು ಕಲಿಸಿದವರು. ಕೋವಿಡ್ ನಿರ್ಬಂಧ ಸಡಿಲವಾದ ಬೇಸಿಗೆಯಲ್ಲಿ ನನ್ನ ಮಗಳು ಯಾವುದಾದರೂ ಸಣ್ಣ ದೇಶದ ಸಂವಿಧಾನದ ಬಗ್ಗೆ ಶಾಲೆಗೆ ಪ್ರಬಂಧ ಬರೆಯಬೇಕಿತ್ತು. ನಾನು ಕಲಿಸಿದ ದೇಶದವರು ಸ್ಯಾನ್ ಡಿಯಾಗೋದಲ್ಲಿ ಪಿಕ್ನಿಕ್ ಇಟ್ಟುಕೊಂಡಿದ್ದಾರೆ, ಬನ್ನಿ ಎಂದು ಅಂಕಲ್ ನಮ್ಮನ್ನು ಕರೆದರು.

ನಾನು ಡ್ರೈವ್ ಮಾಡುತ್ತಿದ್ದೆ. ಅವರು ಹಿಂದೆ ಕೂತು ಮಗಳಿಗೆ ಪಾಠ ಹೇಳುತ್ತಿದ್ದರು. ಅಲ್ಲಿ ಪಾರ್ಲಿಮೆಂಟಿಗೆ ಒಂದೇ ಸದನ, ಬಹುಮತ ಇದ್ದವರು ಪ್ರಧಾನಿ, ಅಧ್ಯಕ್ಷರು ಹೆಚ್ಚಾಗಿ ಹೆಸರಿಗೆ, ನ್ಯಾಯಾಲಯ ಸ್ವತಂತ್ರ. ಕಾರಣ ಹೇಳದೆ ಯಾರನ್ನೂ ಹಿಡಿದಿಡುವಂತಿಲ್ಲ, ಹಿಂಸಿಸುವಂತಿಲ್ಲ. ಸೈನ್ಯದವರೂ ಇದನ್ನು ಪಾಲಿಸುತ್ತಾರಾ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

ಅಂಕಲ್ ಎಡಗೈ ಚಾಚಿದರು. ಬೆರಳುಗಳು ಮಡಚುತ್ತಿರಲಿಲ್ಲ. ಸೈನ್ಯ ಸರ್ಕಾರವನ್ನು ಉರುಳಿಸಿದಾಗ ಅದನ್ನು ಖಂಡಿಸಿ ಪತ್ರಿಕೆಗೆ ಬರೆದಿದ್ದರಂತೆ. ಸಿಪಾಯಿಗಳು ಬ್ಯಾರಕ್ಕಿಗೆ ಎಳೆದೊಯ್ದು, ಸಿಮೆಂಟ್ ನೆಲದ ಮೇಲೆ ಬೋರಲು ಕೆಡವಿ, ಬೂಟಿನಿಂದ ತುಳಿದರು. ಒಬ್ಬ ಬಂದೂಕಿನ ಹಿಂಬದಿಯಿಂದ ಬೆರಳುಗಳನ್ನು ಜಜ್ಜಿದ. ಪಕ್ಕದಲ್ಲಿ ಬಿದ್ದಿದ್ದ ಅವರ ವಿದ್ಯಾರ್ಥಿ ರಕ್ತ ಕಾರಿ ಸತ್ತ.

"ಹೊಸಾ ಸಂವಿಧಾನ ಆಮ್ಯಾಲೆ ಬಂತು, ಪುಟ್ಟಿ. ಹಕ್ಕು ಎಲ್ಲಾ ಅದರಾಗ ಅವ. ಹೊಡದವರಿಗೆ ಮಾಫಿನೂ ಅದರಾಗೇ ಬರದಾರ. ಪಾರ್ಲಿಮೆಂಟಿಗೂ ಅದನ್ನ ತಿದ್ದಲಿಕ್ಕ ಬರಂಗಿಲ್ಲ."

ಬೀಚ್ ಪಕ್ಕದ ಪಾರ್ಕಿನಲ್ಲಿ ದಪ್ಪನೆಯ ಮನುಷ್ಯನೊಬ್ಬ ನಗುತ್ತಾ ಎಲ್ಲರಿಗೂ ಊಟ ಬಡಿಸುತ್ತಿದ್ದ. ಅವನ ದನಿ ಕೇಳಿದ್ದೇ ಅಂಕಲ್ ಕೈಯಿಂದ ತಟ್ಟೆ ಬಿತ್ತು. ನನಗೆ ಏನೆಂದು ಹೊಳೆಯುವ ಮೊದಲೇ ಅವರು ತಮ್ಮ ಊರುಗೋಲನ್ನು ಅವನ ಮುಖಕ್ಕೆ ಬೀಸಿದ್ದರು. ಮೂಗು ಒಡೆದು ರಕ್ತ ಅನ್ನದ ಮೇಲೆ ಚಿಮ್ಮಿತು. ಅವನು ಮೇಜಿಗೆ ಆನಿಸಿದ್ದ ಕೈಗೆ ಮತ್ತೆ ಮತ್ತೆ ಹೊಡೆದರು. ಹಿಂದಿನಿಂದ ತಬ್ಬಿ ಹಿಡಿಯಲು ಹೋದ ನನಗೆ ಅವರ ಮೊಣಕೈ ಬಡಿದು ತುಟಿ ಸೀಳಿತು. ಮಗಳು ಅಳುತ್ತಾ ನಿಂತಿದ್ದಳು.

ಪೊಲೀಸರು ಬಂದು ಅಂಕಲ್‌ಗೆ ಬೇಡಿ ಹಾಕಿದರು. ಆ ಮನುಷ್ಯ ಮೂಗಿಗೆ ಟವೆಲ್ ಒತ್ತಿಕೊಂಡೇ, ಇವರು ಯಾರೆಂದು ನನಗೆ ಗೊತ್ತು, ಇವರ ವಿರುದ್ಧ ನಾನು ಸಾಕ್ಷಿ ಹೇಳುವುದಿಲ್ಲ ಎಂದ. ಕ್ಷಮೆ ಕೇಳಲಿಲ್ಲ. ಮುಂದೆ ಕೇಸ್ ನಿಲ್ಲಲಿಲ್ಲ.

ಠಾಣೆಯಿಂದ ಬಿಡಿಸಿಕೊಂಡು ಬರುವಾಗ ಅಂಕಲ್ ಮೊದಲು ನನ್ನ ತುಟಿ ನೋಡಿದರು. ಆಮೇಲೆ ಮೆಲ್ಲಗೆ, "ಹೊಡಿಯೋವಾಗ ಹಿತ ಅನಿಸ್ತು ನೋಡವಾ. ಈಗ ಅದಕ್ಕೇ ಹೆದರಿಕಿ ಆಗ್ಲಿಕತ್ತದ," ಎಂದರು.

ಮಗಳು ಬೇರೆ ದೇಶವನ್ನು ಆರಿಸಿಕೊಂಡು ಬರೆದಳು. ಅಂಕಲ್ ಬೇಸರಪಡದೆ ಅದನ್ನೂ ತಿದ್ದಿಕೊಟ್ಟರು.