ಗ್ರೋಕ್ ಪದಕ್ಕೆ ನಾನು ಹೇಳಿದ ಅರ್ಥ

ಶಿಡ್ಲಘಟ್ಟದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ನನ್ನ ಮೊದಲ ಕೆಲಸ. ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಮೈತುಂಬ ಇಂಗ್ಲಿಷಿನ ಸೊಕ್ಕು.

ಮಧ್ಯಾಹ್ನ ನಾವು ನಾಲ್ಕೈದು ಜನ ಮೇಡಂಗಳು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದರೆ, ಎದುರಿನ ಕುರ್ಚಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಬಂದು ಕೂರುತ್ತಿದ್ದರು. ಐವತ್ತು ದಾಟಿದವರು. ಹೆಂಡತಿ ಬೆಳಕು ಹರಿಯುವ ಮುಂಚೆಯೇ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರಿಂದ ಇವರಿಗೆ ಡಬ್ಬಿ ಇರುತ್ತಿರಲಿಲ್ಲ. ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಸೇರಿದ ಹೊಸತರಲ್ಲಿ ನಾನು ಮುಚ್ಚಳದಲ್ಲಿ ಒಂದಿಷ್ಟು ಚಿತ್ರಾನ್ನ ಹಾಕಿಕೊಟ್ಟೆ. ಮಾರನೇ ದಿನ ಅವರ ಕುರ್ಚಿ ನನ್ನ ಪಕ್ಕಕ್ಕೆ ಬಂದಿತ್ತು. ಗಣಿತದ ಮೇಡಂ ನನ್ನನ್ನು ನೋಡಿ ನಕ್ಕರು. ಅವತ್ತಿಂದ ಕೊಡುವುದನ್ನು ನಿಲ್ಲಿಸಿದೆ.

ಅದೇ ವರ್ಷ ಚಿಕ್ಕಬಳ್ಳಾಪುರದ ಲೈಬ್ರರಿಯಲ್ಲಿ, ರಟ್ಟು ಹರಿದ ದಪ್ಪ ನಿಘಂಟೊಂದರಲ್ಲಿ ನನಗೆ ಆ ಪದ ಸಿಕ್ಕಿದ್ದು. ಗ್ರೋಕ್. ಇಂಗ್ಲಿಷಿನವರೇ ಮರೆತುಬಿಟ್ಟ ಹಳೇ ಮಾತು. ಇನ್ನೊಬ್ಬರು ಉಣ್ಣುವಾಗ, ತನಗೂ ಒಂದು ತುತ್ತು ಹಾಕಿಯಾರು ಅಂತ ಮಾತಿಲ್ಲದೆ ನೋಡುತ್ತಾ ಕೂರುವುದು. ಹೆಚ್ಚಾಗಿ ನಾಯಿಗಳಿಗೆ ಹೇಳುತ್ತಿದ್ದರಂತೆ. ಅಲ್ಲೇ ಒಬ್ಬಳೇ ನಕ್ಕೆ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಪದ ಎಲ್ಲರಿಗೂ ಹಿಡಿಸಿತು. ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಗಣಿತದ ಮೇಡಂ "ಗ್ರೋಕ್ ವಚ್ಚಿಂದಿ", ಗ್ರೋಕ್ ಬಂತು ಅಂತ ತೆಲುಗಿನಲ್ಲಿ ಪಿಸುಗುಟ್ಟುವರು. ನಾವು ತಲೆ ತಗ್ಗಿಸಿ ನಗುತ್ತಾ ಉಣ್ಣುತ್ತಿದ್ದೆವು.

ಒಂದು ದಿನ ಮೇಷ್ಟ್ರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ನೀವೆಲ್ಲ ಹೇಳುವ ಆ ಪದದ ಅರ್ಥವೇನು ಅಂತ ಕೇಳಿದರು. ಕೇಳುವಾಗ ಕೈ ಕಟ್ಟಿಕೊಂಡಿದ್ದರು. ತಾಳ್ಮೆಯಿಂದ ಕಾಯುವವನು, ಆಸೆಯನ್ನು ಬಾಯಿಬಿಟ್ಟು ಹೇಳದ ದೊಡ್ಡ ಮನುಷ್ಯ ಅಂತ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಇಂಥ ಪದ ಮಕ್ಕಳಿಗೆ ಗೊತ್ತಿರಬೇಕು ಅಂದರು.

ಗೇಟಿನ ಹತ್ತಿರ 'ಇಂದಿನ ಪದ' ಅಂತ ಒಂದು ಬೋರ್ಡು ಇತ್ತು. ಪದ ನಾನು ಕೊಡುತ್ತಿದ್ದೆ, ಅವರು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮರುದಿನ ನನ್ನನ್ನು ಕೇಳದೆಯೇ ಗ್ರೋಕ್ ಅಂತ ಬರೆದು, ಸುತ್ತ ಬಳ್ಳಿ ಬಿಡಿಸಿ, ಕೆಳಗೆ ನಾನು ಹೇಳಿದ ಅರ್ಥವನ್ನು ಹಾಕಿದ್ದರು. ಮಕ್ಕಳು ಬರುವ ಮುಂಚೆ ಅಳಿಸಲು ನನಗೆ ಪೂರ್ತಿ ಹತ್ತು ನಿಮಿಷ ಸಮಯವಿತ್ತು. ನಾನು ಒಳಗೆ ಹೋಗಿ, ಬನ್ನಿ ನೋಡಿ ಅಂತ ಮೇಡಂಗಳನ್ನು ಕರೆದುಕೊಂಡು ಬಂದೆ.

ಒಂಬತ್ತನೇ ಕ್ಲಾಸಿನ ಒಬ್ಬ ಜಾಣ ಹುಡುಗಿ ಸಂಜೆ ಸೈಬರ್ ಸೆಂಟರಿಗೆ ಹೋಗಿ ಆ ಪದ ಹುಡುಕಿದ್ದಾಳೆ. ಬೆಳಿಗ್ಗೆ ಪ್ರೇಯರ್‌ನಲ್ಲಿ ಕೈ ಎತ್ತಿ, ಬೋರ್ಡಿನಲ್ಲಿ ತಪ್ಪಿದೆ ಸಾರ್ ಅಂತ ಸರಿಯಾದ ಅರ್ಥವನ್ನು ನಾಯಿ ಸಮೇತ ಓದಿದಳು. ಮಕ್ಕಳು ಒಬ್ಬೊಬ್ಬರಾಗಿ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ನಮ್ಮೆದುರು ಕೂರುವುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ಮಕ್ಕಳೂ ದಿನಾ ನೋಡುತ್ತಿದ್ದರಲ್ಲ.

ಹೆಡ್‌ಮಾಸ್ಟರು ಮೇಷ್ಟ್ರನ್ನೂ ನನ್ನನ್ನೂ ರೂಮಿಗೆ ಕರೆಸಿ, ಈ ಅರ್ಥ ಯಾರು ಕೊಟ್ಟಿದ್ದು ಅಂತ ಕೇಳಿದರು.

"ನಾನು ಸರಿಯಾಗೇ ಹೇಳಿದ್ದೆ ಸಾರ್," ಅಂದೆ. "ಅವರೇ ತಪ್ಪಾಗಿ ಕೇಳಿಸ್ಕೊಂಡಿದ್ದಾರೆ."

ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಹೌದು ಸಾರ್, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದರು.

ಹೊರಗೆ ಬಂದ ಮೇಲೆ ಅವರು ಮೆಟ್ಟಿಲ ಹತ್ತಿರ ನಿಂತರು. ಬೈಯುತ್ತಾರೆ ಅಂತ ನಾನೂ ನಿಂತೆ.

"ಪದ ಸರಿಯಾಗೇ ಇತ್ತು ಮೇಡಂ," ಅಂದರು. "ನಾನು ನೋಡ್ತಿದ್ದೆ, ನಿಜ. ಅರ್ಥಾನೂ ಅವತ್ತೇ ಹೇಳಿದ್ರೆ ಮಕ್ಕಳ ಮುಂದೆ ಬರೀತಿರ್ಲಿಲ್ಲ."

ಆ ವಾರವೇ ಡ್ರಾಯಿಂಗ್ ರೂಮಿನ ಬಾಗಿಲ ಮೇಲೆ ಯಾರೋ ನಾಯಿಯ ಚಿತ್ರ ಬಿಡಿಸಿದರು. ಕ್ಲಾಸಿನ ಹಿಂದಿನ ಬೆಂಚುಗಳಿಂದ ಬೊಗಳುವ ಸದ್ದು ಶುರುವಾಯಿತು. ಮೇಷ್ಟ್ರು ಸ್ಟಾಫ್ ರೂಮಿಗೆ ಬರುವುದನ್ನು ಬಿಟ್ಟರು. ಗಣಿತದ ಮೇಡಂ, ಇನ್ನು ನೆಮ್ಮದಿಯಾಗಿ ತಿನ್ನಬಹುದು ಅಂದರು. ಅವತ್ತು ನನ್ನ ಡಬ್ಬಿಯಲ್ಲಿ ಹಿತಕಿದ ಅವರೆಬೇಳೆ ಸಾರು ಇತ್ತು. ತಳ ಸವರಿ ತಿಂದೆ.

ಬೇಸಿಗೆ ರಜೆಗೆ ಮುಂಚೆ ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆಯನ್ನು ಯಾರೂ ಮಾಡಲಿಲ್ಲ. ನಾನು ಹೋಗಿ ತಪ್ಪಾಯಿತು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಹೆಡ್‌ಮಾಸ್ಟರ ಎದುರು ಆಡಿದ ಸುಳ್ಳು ಹೊರಬೀಳುತ್ತಿತ್ತು. ನನ್ನ ಕೆಲಸ ಕಾಯಂ ಆಗಲು ಇನ್ನೂ ನಾಲ್ಕು ತಿಂಗಳಿತ್ತು.